ಪೆನ್ನಿ ಷೇರಿನಿಂದ ಹೊರಗೆ ಬಂದ ದಾರಿ: ಸರ್ಕ್ಯೂಟ್, ರೈಟ್ಸ್ ಇಶ್ಯೂ, ಕಾಲ್ ಆಕ್ಷನ್

ಕಳೆದ ವಾರ ಒಂದು ಪೆನ್ನಿ ಷೇರಿನ, ಅಂದರೆ ಕೆಲವೇ ರೂಪಾಯಿ ಬೆಲೆಯ ಷೇರಿನ, ಕೊನೆಯ ಕಂತು ಷೇರು ಇಡುವ ನನ್ನ ಡಿಮ್ಯಾಟ್ ಖಾತೆಯಿಂದ ಹೋಯಿತು. ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿದೆ. ಮಣ್ಣಲ್ಲಿ ಕರಗುವ ಚೀಲ, ತಟ್ಟೆ, ಪ್ಯಾಕಿಂಗ್ ಹಾಳೆ ಮಾಡುವ ಸಣ್ಣ ಕಂಪನಿ ಅದು. ಮುಂಬೈ ಷೇರುಪೇಟೆ ಬಿಎಸ್‌ಇಯಲ್ಲಿ ಮಾತ್ರ ಲಿಸ್ಟ್ ಆಗಿದೆ. ನಾನು ನೋಡಿದಷ್ಟು ಕಾಲ ಅದರ ಬೆಲೆ ಹತ್ತು ರೂಪಾಯಿ ಮುಟ್ಟಲೇ ಇಲ್ಲ. ಹೆಸರು ಹೇಳುವುದಿಲ್ಲ. ಇಂಥ ಷೇರುಗಳು ತುಂಬಾ ಇವೆ, ಅವನ್ನು ಹಿಡಿದುಕೊಂಡು ಕೂತವರೂ ತುಂಬಾ ಜನ ಇದ್ದಾರೆ. ಯಾವಾಗ ಕೊಳ್ಳಬೇಕು ಅಂತ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಮಾರಲು ಹೊರಟಾಗ ಏನೇನು ಎದುರಾಗುತ್ತದೆ ಅಂತ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಅದಕ್ಕೇ ಇದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು, ಕೊಂಡಿದ್ದು ಯಾಕೆ ಅನ್ನುವುದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ನಿಷೇಧ 2016ರಲ್ಲೇ ಬಂದಿತ್ತು. ಆಮೇಲೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇವೆಲ್ಲ ನಿಂತವು. ಅದೇ ವರ್ಷದ ಕೊನೆಗೆ 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲವೂ ನಿಷೇಧವಾಯಿತು. ಗೊಬ್ಬರವಾಗುವ ಪ್ಲಾಸ್ಟಿಕ್‌ನ ಚೀಲಕ್ಕೆ ಆ ದಪ್ಪದ ನಿಯಮ ಇಲ್ಲ. ಬೇಡಿಕೆ ಬರುತ್ತದೆ ಅನ್ನುವುದು ನನಗೆ ಸ್ಪಷ್ಟವಾಗಿ ಕಂಡಿತ್ತು. ದುಡ್ಡಿನಾಚೆಗೂ ಒಂದು ಆಸೆ ಇತ್ತು. ಚರಂಡಿಯಲ್ಲಿ ತುಂಬಿ ನಿಂತ ಕವರುಗಳನ್ನು ನೋಡಿ ಬೇಸತ್ತವನು ನಾನು. ಇದಕ್ಕೆ ಬದಲಿ ಮಾಡುವ ಕಂಪನಿ ಬೆಳೆಯಲಿ ಅಂತ ಮನಸ್ಸಿನಿಂದ ಬಯಸಿದ್ದೆ, ಈಗಲೂ ಬಯಸುತ್ತೇನೆ. ನನ್ನ ಖಾತೆಯಲ್ಲಿ ಸ್ವಲ್ಪ, ಹೆಂಡತಿಯ ಖಾತೆಯಲ್ಲಿ ಸ್ವಲ್ಪ ಅಂತ ನಾಲ್ಕು ರೂಪಾಯಿ ಆಸುಪಾಸಿನಲ್ಲಿ ಕೊಂಡೆವು. ಹೋದರೂ ಸಂಸಾರ ನಡೆಯುತ್ತದೆ ಅನ್ನುವಷ್ಟೇ ದುಡ್ಡು ಹಾಕಿದ್ದು.

ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಕಂಪನಿ ಎಕ್ಸ್‌ಚೇಂಜ್‌ಗೆ ಪ್ರಕಟಣೆ ಕೊಟ್ಟಿತು. ದೊಡ್ಡ ಖರೀದಿದಾರರೊಬ್ಬರಿಂದ ಲೆಟರ್ ಆಫ್ ಇಂಟೆಂಟ್ (ಕೊಳ್ಳುವ ಇಚ್ಛೆ ತಿಳಿಸುವ ಪತ್ರ) ಬಂದಿದೆ ಅಂತ. ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಏರಬಹುದಾದ ಮಿತಿಗೇ ಬೆಲೆ ಹೋಗಿ ನಿಲ್ಲುವುದು, ಶುರುವಾಯಿತು. ಬೆಳಿಗ್ಗೆ ಮಾರ್ಕೆಟ್ ತೆರೆದ ಕೂಡಲೇ ಮೇಲಿನ ಮಿತಿ ಮುಟ್ಟುವುದು, ಮಾರುವವರೇ ಇಲ್ಲ, ಕೊಳ್ಳುವವರ ಸಾಲು ಲಕ್ಷಗಟ್ಟಲೆ ಷೇರಿಗೆ. ಬೆಲೆ ಒಂಬತ್ತು ರೂಪಾಯಿ ದಾಟಿತು. ಗುರುತಿಲ್ಲದ ನಂಬರುಗಳಿಂದ ಮೊಬೈಲ್‌ಗೆ ಸಂದೇಶ ಬರತೊಡಗಿದವು, "ಟಾರ್ಗೆಟ್ 25" ಅಂತ. ಕಳಿಸಿದವರು ಯಾರು, ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಣಿ ಇದೆಯಾ ಅಂತ ನೋಡಿದೆ. ರಿಸರ್ಚ್ ಅನಲಿಸ್ಟ್‌ಗಳ ನೋಂದಣಿ ಸಂಖ್ಯೆ ಐಎನ್‌ಎಚ್ ಅಂತ ಶುರುವಾಗುತ್ತದೆ, ಇನ್ವೆಸ್ಟ್‌ಮೆಂಟ್ ಅಡ್ವೈಸರ್‌ಗಳದ್ದು ಐಎನ್‌ಎ ಅಂತ. ಈ ಸಂದೇಶಗಳಲ್ಲಿ ಯಾವುದೂ ಇರಲಿಲ್ಲ. ನಾನು ಸ್ವಲ್ಪ ಭಾಗ ಎಂಟು ರೂಪಾಯಿ ಹತ್ತಿರ ಮಾರಿದೆ. ಉಳಿದದ್ದನ್ನು ವ್ಯಾಪಾರದ ಮೇಲಿನ ನಂಬಿಕೆಯಿಂದ ಇಟ್ಟುಕೊಂಡೆ.

ಇಲ್ಲಿ ಒಂದು ಮಾತು. ಲೆಟರ್ ಆಫ್ ಇಂಟೆಂಟ್ ಬಂತು, ಎಂಒಯು (ಒಪ್ಪಂದಕ್ಕೆ ಮೊದಲಿನ ತಿಳಿವಳಿಕೆ ಪತ್ರ) ಆಯಿತು ಅಂದರೆ ಆರ್ಡರ್ ಬಂದ ಹಾಗೆ ಅಲ್ಲ. ಪ್ರಕಟಣೆಯಲ್ಲಿ ಮೊತ್ತ ಇದೆಯಾ, ಎಷ್ಟು ದಿನದಲ್ಲಿ ಸರಬರಾಜು, ಗ್ರಾಹಕರ ಹೆಸರು ಇದೆಯಾ ಅಂತ ನೋಡಿ. ಆಮೇಲೆ ಮುಂದಿನ ಎರಡು ತ್ರೈಮಾಸಿಕದ ಮಾರಾಟದ ಸಾಲು ನೋಡಿ. ನಿಜವಾದ ಆರ್ಡರ್ ಆಗಿದ್ದರೆ ಅಲ್ಲಿ ಕಾಣಲೇಬೇಕು. ನಮ್ಮ ಕಂಪನಿಯ ಲೆಕ್ಕದಲ್ಲಿ ಅದು ಕಾಣಲಿಲ್ಲ.

ಅಷ್ಟರಲ್ಲಿ ಷೇರು ಇಎಸ್‌ಎಂಗೆ ಬಿತ್ತು. ಇದು ಸಣ್ಣ ಗಾತ್ರದ ಕಂಪನಿಗಳ ಮೇಲೆ ಹೆಚ್ಚಿನ ಕಣ್ಗಾವಲಿಗಾಗಿ ಎಕ್ಸ್‌ಚೇಂಜ್‌ಗಳು ಮತ್ತು ಸೆಬಿ 2023ರ ಜೂನ್‌ನಲ್ಲಿ ತಂದ ವ್ಯವಸ್ಥೆ. ಬೆಲೆ ವಿಪರೀತ ಏರಿಳಿದರೆ ಇದರೊಳಗೆ ಹಾಕುತ್ತಾರೆ. ಮೊದಲ ಹಂತದಲ್ಲಿ ಟ್ರೇಡ್-ಟು-ಟ್ರೇಡ್, ಅಂದರೆ ಕೊಂಡದ್ದನ್ನು ಅದೇ ದಿನ ಮಾರುವಂತಿಲ್ಲ, ಡೆಲಿವರಿ ತಗೊಳ್ಳಲೇಬೇಕು. ಸರ್ಕ್ಯೂಟ್ ಮಿತಿ ಶೇ 5. ಬ್ರೋಕರ್ ಆ್ಯಪಿನಲ್ಲಿ ಷೇರಿನ ಗುಂಪು ಎಕ್ಸ್ ಇದ್ದದ್ದು ಎಕ್ಸ್‌ಟಿ ಆಯಿತು. ಈ ಒಂದು ಅಕ್ಷರದ ಬದಲಾವಣೆ ಬಂದ ದಿನ ತುಂಬಾ ಜನ ಗಮನಿಸಿರಲಿಲ್ಲ. ದಿನದ ವ್ಯಾಪಾರ ಮಾಡುವವರೆಲ್ಲ ಒಂದೇ ಸಲ ಹೊರಟುಹೋದರು. ಕೊಳ್ಳುವವರ ಸಾಲು ಖಾಲಿಯಾಯಿತು.

ಲೋವರ್ ಸರ್ಕ್ಯೂಟ್, ಅಂದರೆ ಬೆಲೆ ದಿನದ ಕೆಳಗಿನ ಮಿತಿಗೆ ಬಿದ್ದು ನಿಲ್ಲುವುದರ ಬಗ್ಗೆ ಓದಿ ತಿಳಿಯುವುದೇ ಬೇರೆ, ಅದರಲ್ಲಿ ಕೂತು ನೋಡುವುದೇ ಬೇರೆ. ಶೇ 5ರಂತೆ ಸತತ ಹತ್ತು ದಿನ ಬಿದ್ದರೆ ಬೆಲೆ ಶೇ 40ರಷ್ಟು ಹೋಗುತ್ತದೆ. ಪ್ರತಿದಿನ ಬೆಳಿಗ್ಗೆ 9.15ಕ್ಕೆ ಎದೆ ಹೊಡೆದುಕೊಳ್ಳುತ್ತಿತ್ತು. ತೆರೆಯ ಮೇಲೆ ಒಂದು ಬೆಲೆ ಕಾಣುತ್ತದೆ. ಆ ಬೆಲೆಗೆ ಕೊಳ್ಳುವವರ ಕಡೆ ಸೊನ್ನೆ ಇರುತ್ತದೆ. ಪೋರ್ಟ್‌ಫೋಲಿಯೊದಲ್ಲಿ ನಿಮ್ಮ ಹಣ ಇಷ್ಟು ಅಂತ ತೋರಿಸುತ್ತಲೇ ಇರುತ್ತದೆ, ಅದರಲ್ಲಿ ನೂರು ರೂಪಾಯಿಯನ್ನೂ ಕೈಗೆ ತರಲು ಆಗುವುದಿಲ್ಲ. ಹೆಂಡತಿ ಕೇಳಿದಳು, "ರೀ, ನಷ್ಟ ಆದರೂ ಆಗಲಿ, ಮಾರಿಬಿಡಿ ಅಂದರೂ ಮಾರೋಕಾಗಲ್ವಾ?" ಆಗಲ್ಲ. ಆ ಉತ್ತರ ಹೇಳುವಾಗ ನನಗೇ ಗಂಟಲು ಕಟ್ಟಿತು.

ಆದರೂ ಸಾಲಿನಲ್ಲಿ ಮುಂದೆ ನಿಲ್ಲಲು ಒಂದು ಕ್ರಮ ಇದೆ. ಎಲ್ಲರೂ ಕೆಳಗಿನ ಮಿತಿಯ ಬೆಲೆಗೇ ಮಾರಲು ನಿಂತಿರುವಾಗ, ಯಾರ ಆರ್ಡರ್ ಎಕ್ಸ್‌ಚೇಂಜ್‌ಗೆ ಮೊದಲು ತಲುಪಿತೋ ಅವರದ್ದು ಮೊದಲು ಹೋಗುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಿಡಿ. ಮರುದಿನದ ಕೆಳಗಿನ ಮಿತಿ ಎಷ್ಟು ಅಂತ ಸರಿಯಾಗಿ ನೋಡಿಕೊಂಡು ಆ ಬೆಲೆಯನ್ನೇ ಬರೆಯಿರಿ, ಒಂದು ಪೈಸೆ ಕೆಳಗೆ ಹೋದರೂ ಆರ್ಡರ್ ತಿರಸ್ಕಾರ ಆಗುತ್ತದೆ. ಆ ಆರ್ಡರ್‌ಗಳನ್ನು ಎಷ್ಟು ಗಂಟೆಗೆ ಕಳಿಸುತ್ತೀರಿ ಅಂತ ಬ್ರೋಕರ್‌ಗೆ ಕೇಳಿ. ಎಲ್ಲರೂ ಒಂದೇ ಹೊತ್ತಿಗೆ ಕಳಿಸುವುದಿಲ್ಲ.

ಇನ್ನೊಂದು ತೊಡಕು ಟಿಪಿನ್, ಅಂದರೆ ಷೇರು ಮಾರಲು ಒಪ್ಪಿಗೆ ಕೊಡುವ ಗುಪ್ತ ಸಂಖ್ಯೆ. ಡಿಡಿಪಿಐ (ಮಾರಿದ ಷೇರನ್ನು ಡಿಮ್ಯಾಟ್‌ನಿಂದ ತೆಗೆಯಲು ಬ್ರೋಕರ್‌ಗೆ ಮೊದಲೇ ಕೊಡುವ ಅನುಮತಿ) ಕೊಡದೇ ಇರುವವರು ಪ್ರತಿ ಸಲ ಮಾರುವಾಗಲೂ ಟಿಪಿನ್ ಹಾಕಿ, ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಒಪ್ಪಿಗೆ ಕೊಡಬೇಕು. ಬೆಳಿಗ್ಗೆ ಆ ಹೊತ್ತಿಗೇ ಒಟಿಪಿ ತಡವಾಗುತ್ತದೆ. ಕಾಯುತ್ತಾ ಕೂತಷ್ಟು ಹೊತ್ತು ಸಾಲು ಮುಂದೆ ಹೋಗಿರುತ್ತದೆ. ನಾನು ಎರಡೂ ಖಾತೆಗೆ ಡಿಡಿಪಿಐ ಮಾಡಿಸಿದೆ. ಅದು 2022ರ ನವೆಂಬರ್‌ನಿಂದ ಹಳೆಯ ಪವರ್ ಆಫ್ ಅಟಾರ್ನಿಯ ಬದಲಿಗೆ ಬಂದದ್ದು. ಶುಲ್ಕ ಸಣ್ಣದು, ಆದರೆ ಜಾರಿಗೆ ಬರಲು ಕೆಲವು ದಿನ ಹಿಡಿಯುತ್ತದೆ. ಇಂಥ ಷೇರು ನಿಮ್ಮಲ್ಲಿದ್ದರೆ ತೊಂದರೆ ಬರುವ ಮೊದಲೇ ಮಾಡಿಸಿಡಿ.

ಮಾರಲು ಆಗದ ಆ ದಿನಗಳಲ್ಲಿ ನಾನು ದಾಖಲೆಗಳನ್ನು ಓದಿದೆ. ಲಿಸ್ಟ್ ಆದ ಕಂಪನಿ ತ್ರೈಮಾಸಿಕ ಫಲಿತಾಂಶವನ್ನು 45 ದಿನದೊಳಗೆ, ವರ್ಷದ ಫಲಿತಾಂಶವನ್ನು 60 ದಿನದೊಳಗೆ ಕೊಡಬೇಕು. ಷೇರು ಯಾರ ಹತ್ತಿರ ಎಷ್ಟಿದೆ ಅನ್ನುವ ಪಟ್ಟಿ 21 ದಿನದೊಳಗೆ ಬರುತ್ತದೆ. ಎಲ್ಲವೂ ಬಿಎಸ್‌ಇ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಆ ಪಟ್ಟಿಯಲ್ಲಿ ಎರಡು ಸಾಲು ಮುಖ್ಯ. ಕಂಪನಿ ಕಟ್ಟಿ ನಡೆಸುವ ಪ್ರಮೋಟರ್‌ಗಳ ಪಾಲು ಎಷ್ಟು, ಅದರಲ್ಲಿ ಅಡ ಇಟ್ಟಿದ್ದು ಎಷ್ಟು ಅನ್ನುವುದು ಒಂದು. ಎರಡು ಲಕ್ಷದವರೆಗಿನ ಮುಖಬೆಲೆ ಬಂಡವಾಳ ಇರುವ ಸಣ್ಣ ಹೂಡಿಕೆದಾರರ ಸಂಖ್ಯೆ ಇನ್ನೊಂದು. ಬೆಲೆ ಏರಿದ ತಿಂಗಳುಗಳಲ್ಲಿ ಪ್ರಮೋಟರ್‌ಗಳ ಪಾಲು ಕಡಿಮೆಯಾಗಿ, ನಮ್ಮಂಥವರ ಸಂಖ್ಯೆ ಹಲವು ಪಟ್ಟು ಏರಿತ್ತು. ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಇದೇ ಹೊತ್ತಿಗೆ ಈ ವ್ಯಾಪಾರದ ಬಗ್ಗೆಯೂ ಕೂತು ಓದಿದೆ. ಈ ವಲಯದ ಯಾವ ಷೇರು ನೋಡುವವರಿಗೂ ಇದು ಬೇಕಾಗುತ್ತದೆ. ಗೊಬ್ಬರವಾಗುವ ಪ್ಲಾಸ್ಟಿಕ್ ಮಾಡಿ ಮಾರಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕೇ ಬೇಕು. ವಸ್ತು ಐಎಸ್ 17088 ಮಾನದಂಡದ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯಲ್ಲಿ ಸುಮಾರು 58 ಡಿಗ್ರಿ ಬಿಸಿಯಲ್ಲಿ, 180 ದಿನದೊಳಗೆ ವಸ್ತುವಿನ ಇಂಗಾಲದ ಶೇ 90 ಭಾಗ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಬೇಕು. ಅಷ್ಟು ಬಿಸಿ ದೊಡ್ಡ ಗೊಬ್ಬರ ಘಟಕಗಳಲ್ಲಿ ಇರುತ್ತದೆ, ಬೀದಿ ಬದಿಯ ತಿಪ್ಪೆಯಲ್ಲಿ ಇರುವುದಿಲ್ಲ. ಅಂದರೆ ಚೀಲ ಮಾಡಿದರೆ ಮುಗಿಯಲಿಲ್ಲ, ಅದನ್ನು ಬೇರೆ ಮಾಡಿ ಸಾಗಿಸಿ ಕೊಳೆಸುವ ವ್ಯವಸ್ಥೆಯೂ ಊರಲ್ಲಿ ಬೇಕು. 2024ರ ಮಾರ್ಚ್‌ನ ತಿದ್ದುಪಡಿಯಲ್ಲಿ ಸರ್ಕಾರ ಇನ್ನೂ ಬಿಗಿ ಮಾಡಿತು. ಬಯೋಡಿಗ್ರೇಡಬಲ್ ಪ್ಲಾಸ್ಟಿಕ್ ಅನ್ನಿಸಿಕೊಳ್ಳಬೇಕಾದರೆ ಅದು ಮೈಕ್ರೋಪ್ಲಾಸ್ಟಿಕ್ ಉಳಿಸಬಾರದು ಅಂತಾಯಿತು.

ಕಚ್ಚಾ ವಸ್ತುವಿನದ್ದು ಬೇರೆಯೇ ಕಷ್ಟ. ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕನ್ನು ಮೆಕ್ಕೆಜೋಳದ ಪಿಷ್ಟ, ಕಬ್ಬಿನ ಸಕ್ಕರೆ ಇಂಥವುಗಳಿಂದ ಮಾಡುತ್ತಾರೆ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿ ಸಾರು ಹಾಕುವ ಡಬ್ಬಿಗೆ ಹಾಗೇ ಬಳಸಲು ಆಗುವುದಿಲ್ಲ. ಚೀಲ ಹಿಗ್ಗಬೇಕು ಅಂದರೆ ಪಿಬಿಎಟಿ ಬೆರೆಸಬೇಕು. ಅದು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬರುವ ವಸ್ತು, ಆದರೂ ಕೊಳೆಯುತ್ತದೆ. ಎರಡೂ ಮಾಮೂಲಿ ಪಾಲಿಥೀನ್‌ಗಿಂತ ದುಬಾರಿ. ಕಚ್ಚಾ ತೈಲ ಅಗ್ಗವಾದರೆ ಪಾಲಿಥೀನ್ ಇನ್ನೂ ಅಗ್ಗವಾಗುತ್ತದೆ, ಈ ಕಂಪನಿಗಳ ಮೇಲೆ ಒತ್ತಡ ಜಾಸ್ತಿ ಆಗುತ್ತದೆ. ನಿಷೇಧ ಇದ್ದರೂ ತೆಳು ಕವರ್ ಕದ್ದು ಮಾರುವವರು ಇದ್ದೇ ಇದ್ದಾರೆ. ನಿಯಮ ಪಾಲಿಸುವ ಕಂಪನಿ ಸ್ಪರ್ಧೆ ಮಾಡಬೇಕಾಗಿರುವುದು ಅವರ ಜೊತೆ. ಒಂದು ಕಂಪನಿ ಒಳ್ಳೆಯ ಕೆಲಸ ಮಾಡುತ್ತಿದೆ ಅನ್ನುವುದರಿಂದಲೇ ಅದರ ಕೈಯಲ್ಲಿ ನಗದು ಉಳಿಯುವುದಿಲ್ಲ.

ವಾರ್ಷಿಕ ಸಭೆ ಬಂತು. ಈಗ ಹೆಚ್ಚಿನವು ವಿಡಿಯೊದಲ್ಲೇ ನಡೆಯುತ್ತವೆ. ಒಂದೇ ಷೇರು ಇದ್ದರೂ ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಮೊದಲೇ ಇಮೇಲ್ ಮಾಡಿ ಮಾತನಾಡುವವರ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಡಿಮ್ಯಾಟ್ ಸಂಖ್ಯೆ, ಪ್ಯಾನ್, ಮೊಬೈಲ್ ಸಂಖ್ಯೆ, ಪ್ರಶ್ನೆ ಎಲ್ಲ ಕೊಡಬೇಕು. ಗಡುವು ನೋಟಿಸಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನನ್ನ ಮೊದಲ ಇಮೇಲ್‌ಗೆ ಉತ್ತರ ಬರಲಿಲ್ಲ. ಕಂಪನಿ ಸೆಕ್ರೆಟರಿ ಮತ್ತು ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಇಬ್ಬರಿಗೂ ಸೇರಿಸಿ ಮತ್ತೆ ಕಳಿಸಿದ ಮೇಲೆ ಲಿಂಕ್ ಬಂತು. ಮೂರು ಪ್ರಶ್ನೆ ಕೇಳಿದೆ. ಮಾಲಿನ್ಯ ಮಂಡಳಿಯ ಪ್ರಮಾಣಪತ್ರ ಯಾವ ಯಾವ ಉತ್ಪನ್ನಕ್ಕೆ ಇದೆ? ಯಂತ್ರಗಳ ಸಾಮರ್ಥ್ಯದಲ್ಲಿ ಎಷ್ಟು ಬಳಕೆಯಾಗುತ್ತಿದೆ? ಗ್ರಾಹಕರಿಂದ ಬರಬೇಕಾದ ಬಾಕಿ ಯಾಕೆ ಇಷ್ಟು ಬೆಳೆದಿದೆ? ಮೊದಲನೆಯದಕ್ಕೆ ನೇರ ಉತ್ತರ ಸಿಕ್ಕಿತು. ಎರಡನೆಯದಕ್ಕೆ ಅರ್ಧ ಉತ್ತರ. ಮೂರನೆಯದಕ್ಕೆ "ಬರುತ್ತೆ, ಪ್ರಕ್ರಿಯೆಯಲ್ಲಿದೆ" ಅಂದರು. ಮುಂದೆ ರೈಟ್ಸ್ ಇಶ್ಯೂ (ಈಗಿರುವ ಷೇರುದಾರರಿಗೇ ಹೊಸ ಷೇರು ಕೊಳ್ಳುವ ಅವಕಾಶ) ತರುತ್ತೇವೆ, ಸಾಲ ತೀರಿಸುತ್ತೇವೆ, ದುಡಿಮೆಯ ಬಂಡವಾಳ ಹೆಚ್ಚಿಸುತ್ತೇವೆ ಅಂತಲೂ ಹೇಳಿದರು.

ಈ ರೈಟ್ಸ್ ಇಶ್ಯೂನಲ್ಲೇ ಜನ ಅತಿ ಹೆಚ್ಚು ಗೊಂದಲಕ್ಕೆ ಬಿದ್ದದ್ದು. ಹಾಗಾಗಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಆ ಹೊತ್ತಿಗೆ ಮಾರುಕಟ್ಟೆ ಬೆಲೆ ₹2.60 ಇತ್ತು. ಮೂರು ಷೇರಿಗೆ ಒಂದರಂತೆ, ₹2ಕ್ಕೆ ಹೊಸ ಷೇರು. ಲೆಕ್ಕ ಹೀಗೆ: ಮೂರು ಹಳೆಯ ಷೇರಿನ ₹7.80 ಮತ್ತು ಹೊಸದರ ₹2 ಸೇರಿ ₹9.80, ನಾಲ್ಕರಿಂದ ಭಾಗಿಸಿದರೆ ₹2.45. ರೈಟ್ಸ್ ಆದ ಮೇಲೆ ಬೆಲೆ ಅಲ್ಲಿಗೆ ಹೊಂದಿಕೊಳ್ಳಬೇಕು. ಅಂದರೆ ಏನೂ ಮಾಡದೆ ಕೂತವರಿಗೆ ಪ್ರತಿ ಹಳೆಯ ಷೇರಿಗೆ 15 ಪೈಸೆ ಕಡಿಮೆಯಾಗುತ್ತದೆ. ಆ ನಷ್ಟ ತುಂಬಿಕೊಡುವುದು ರೈಟ್ಸ್ ಎಂಟೈಟಲ್‌ಮೆಂಟ್, ಚಿಕ್ಕದಾಗಿ ಆರ್‌ಇ. ರೆಕಾರ್ಡ್ ದಿನಾಂಕದಂದು ಷೇರು ಹೊಂದಿದ್ದವರ ಡಿಮ್ಯಾಟ್‌ಗೆ ಇದು ಬೇರೆ ಗುರುತಿನ ಸಂಖ್ಯೆಯಲ್ಲಿ (ಐಎಸ್‌ಐಎನ್) ಬರುತ್ತದೆ. ನೋಡಲು ಷೇರಿನ ಹಾಗೇ ಕಾಣುತ್ತದೆ, ಆದರೆ ಅದು ಷೇರಲ್ಲ. ಅದನ್ನಿಟ್ಟುಕೊಂಡು ದುಡ್ಡು ಕಟ್ಟಿ ಅರ್ಜಿ ಹಾಕಬೇಕು, ಇಲ್ಲವೇ ಎಕ್ಸ್‌ಚೇಂಜ್‌ನಲ್ಲಿ ಮಾರಬೇಕು. ಎರಡೂ ಮಾಡದಿದ್ದರೆ ಇಶ್ಯೂ ಮುಗಿದ ದಿನ ಅದು ರದ್ದಾಗುತ್ತದೆ. ಆರ್‌ಇ ವಹಿವಾಟು ಇಶ್ಯೂ ಮುಗಿಯುವುದಕ್ಕಿಂತ ಕೆಲವು ದಿನ ಮೊದಲೇ ನಿಲ್ಲುತ್ತದೆ, ಆ ದಿನಾಂಕವನ್ನೂ ಗುರುತು ಹಾಕಿಕೊಳ್ಳಿ.

ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಇದೇ ಷೇರು ಇಟ್ಟಿದ್ದರು. ಇಶ್ಯೂ ಮುಗಿದ ಮೇಲೆ ಫೋನ್ ಮಾಡಿದರು. "ಏನಪ್ಪಾ, ಖಾತೆಗೆ ಬಂದಿದ್ದ ಹೊಸ ಷೇರು ಕಾಣ್ತಾ ಇಲ್ವಲ್ಲ?" ನಾನು ಕೇಳಿದೆ, "ಮೇಷ್ಟ್ರೇ, ಅರ್ಜಿ ಹಾಕಿದ್ರಾ?" ಅವರಿಗೆ ಅರ್ಜಿ ಹಾಕಬೇಕು ಅಂತ ಹೇಳಿದವರೇ ಇರಲಿಲ್ಲ. ರಿಜಿಸ್ಟ್ರಾರ್ ಕಳಿಸಿದ ಇಮೇಲ್ ಅವರ ಮಗನ ಹಳೆಯ ವಿಳಾಸಕ್ಕೆ ಹೋಗಿತ್ತು. ಅವರ ಆರ್‌ಇ ಅಷ್ಟೂ ಸುಮ್ನೆ ಹೋಯಿತು. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸಂಕಟವಾಯಿತು. ಡಿಮ್ಯಾಟ್‌ನಲ್ಲಿರುವ ಇಮೇಲ್, ಮೊಬೈಲ್ ಸಂಖ್ಯೆ ನಿಮ್ಮದೇನಾ ಅಂತ ಇವತ್ತೇ ನೋಡಿ. ಮನೆಯ ಹಿರಿಯರದ್ದನ್ನೂ ನೋಡಿಕೊಡಿ.

ಅರ್ಜಿ ಹಾಕಲು ಇರುವುದು ಆಸ್ಬಾ ದಾರಿ. ಬ್ಯಾಂಕ್ ಖಾತೆಯಲ್ಲಿ ದುಡ್ಡು ತಡೆಹಿಡಿದು, ಷೇರು ಕೊಟ್ಟ ಮೇಲೆ ಕಡಿತ ಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಬಡ್ಡಿ ನಿಮಗೇ ಬರುತ್ತದೆ. ನನ್ನ ಖಾತೆಯದ್ದು ನೆಟ್ ಬ್ಯಾಂಕಿಂಗ್‌ನಲ್ಲಿ ಸಲೀಸಾಗಿ ಆಯಿತು. ಸ್ವಲ್ಪ ಆರ್‌ಇ ಮಾರಿ, ಉಳಿದದ್ದಕ್ಕೆ ಅರ್ಜಿ ಹಾಕಿದೆ. ಬಾಕಿಯ ಬಗ್ಗೆ ಅನುಮಾನ ಇದ್ದರೂ ಹಾಕಿದ್ದಕ್ಕೆ ಕಾರಣ ಇತ್ತು. ಹಳೆಯ ಷೇರು ಮಾರಲು ಆಗುತ್ತಿರಲಿಲ್ಲ, ಆರ್‌ಇಗೂ ಕೊಳ್ಳುವವರು ಕಡಿಮೆ, ಮತ್ತು ಸಾಲ ಕಡಿಮೆಯಾದರೆ ಕಂಪನಿ ಉಸಿರಾಡಬಹುದು ಅಂತ ಅನ್ನಿಸಿತು. ಇಶ್ಯೂವಿನ ವಿವರ ಇರುವ ಲೆಟರ್ ಆಫ್ ಆಫರ್‌ನಲ್ಲಿ ಹಣದ ಬಳಕೆಯ ಪುಟ ಓದಿಯೇ ಹಾಕಿದ್ದು. ಉಳಿದ ನೂರಾರು ಪುಟ ಬಿಟ್ಟರೂ ಆ ಪುಟ ಬಿಡಬೇಡಿ. ಎಷ್ಟು ಯಂತ್ರಕ್ಕೆ, ಎಷ್ಟು ಬ್ಯಾಂಕ್ ಸಾಲಕ್ಕೆ, ಎಷ್ಟು ಪ್ರಮೋಟರ್ ಕೊಟ್ಟ ಸಾಲ ತೀರಿಸಲು ಅಂತ ಅಲ್ಲಿ ಇರುತ್ತದೆ.

ಹೆಂಡತಿಯ ಖಾತೆಯದ್ದು ಕಷ್ಟವಾಯಿತು. ಅವಳ ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ಈ ಇಶ್ಯೂ ಕಾಣಲೇ ಇಲ್ಲ. ನನ್ನ ಖಾತೆಯಿಂದ ಅವಳಿಗೆ ಹಾಕುವಂತಿಲ್ಲ, ಅರ್ಜಿದಾರರ ಸ್ವಂತ ಬ್ಯಾಂಕ್ ಖಾತೆಯೇ ಆಗಬೇಕು. ಶಾಖೆಗೆ ಹೋದೆವು. ಅಲ್ಲಿ ಆಸ್ಬಾ ಅರ್ಜಿ ತಗೊಳ್ಳುವುದಿಲ್ಲ, ಬೇರೆ ಶಾಖೆಗೆ ಹೋಗಿ ಅಂದರು. ಆ ಶಾಖೆಯಲ್ಲಿ ಅರ್ಜಿ ತಗೊಂಡ ಮೇಡಂ, "ರೈಟ್ಸ್ ಅರ್ಜಿ ಇಲ್ಲಿ ಬರೋದೇ ಅಪರೂಪ ಸರ್, ಮ್ಯಾನೇಜರ್ ಹತ್ರ ಕೇಳಿ ಹಾಕ್ತೀನಿ" ಅಂದರು. ತಾಳ್ಮೆಯಿಂದಲೇ ಮಾಡಿಕೊಟ್ಟರು. ದುಡ್ಡು ತಡೆಹಿಡಿದ ಸಂದೇಶವೂ ಬಂತು. ನೆಮ್ಮದಿಯಾಯಿತು.

ಹಂಚಿಕೆಯ ದಿನ ನೋಡಿದರೆ ಅವಳ ಅರ್ಜಿ ತಿರಸ್ಕಾರ. ಬ್ಯಾಂಕಿನವರು ಕಂಪ್ಯೂಟರ್‌ಗೆ ಹಾಕುವಾಗ 16 ಅಂಕೆಯ ಡಿಮ್ಯಾಟ್ ಸಂಖ್ಯೆಯಲ್ಲಿ ಒಂದು ಅಂಕೆ ಬದಲಾಗಿತ್ತು. ಆರ್‌ಇ ಹೋಯಿತು. ಅದಕ್ಕಿಂತ ಚಿಂತೆ, ತಡೆಹಿಡಿದ ದುಡ್ಡು ಬಿಡುಗಡೆಯಾಗಲಿಲ್ಲ. ರಿಜಿಸ್ಟ್ರಾರ್‌ನಿಂದ ಸೂಚನೆ ಬಂದಿಲ್ಲ ಅಂತ ಬ್ಯಾಂಕು, ಕಳಿಸಿಯಾಗಿದೆ ಅಂತ ರಿಜಿಸ್ಟ್ರಾರ್. ಇಬ್ಬರ ನಡುವೆ ಓಡಾಡಿ ಸಾಕಾಯಿತು. ಕೊನೆಗೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು. ಪ್ಯಾನ್ ಕೊಟ್ಟು ನೋಂದಣಿ ಮಾಡಿಕೊಳ್ಳಬೇಕು. ಶುಲ್ಕ ಇಲ್ಲ. 2024ರ ಏಪ್ರಿಲ್‌ನಿಂದ ಇದರ ಹೊಸ ರೂಪ ಬಂದಿದೆ. ದೂರು ಯಾರ ಮೇಲಿದೆಯೋ ಅವರು 21 ದಿನದೊಳಗೆ ಕ್ರಮದ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಮೊದಲು ಕಂಪನಿಗೋ ರಿಜಿಸ್ಟ್ರಾರ್‌ಗೋ ಬರೆದ ಇಮೇಲ್ ಇದ್ದರೆ ದೂರು ಗಟ್ಟಿಯಾಗುತ್ತದೆ. ನಾವು ಅರ್ಜಿಯ ಸ್ವೀಕೃತಿ, ತಡೆಹಿಡಿದ ಸಂದೇಶ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಹಾಕಿದೆವು. ಗಡುವಿನೊಳಗೇ ದುಡ್ಡು ಬಿಡುಗಡೆಯಾಯಿತು. ಫೋನಿನಲ್ಲಿ ವಾರಗಟ್ಟಲೆ ಆಗದೇ ಇದ್ದದ್ದು ಬರಹದ ದೂರಿನಿಂದ ಆಯಿತು.

ಶಾಖೆಯಲ್ಲಿ ಅರ್ಜಿ ಕೊಡುವವರು ಸ್ವೀಕೃತಿಯಲ್ಲಿರುವ ಡಿಮ್ಯಾಟ್ ಸಂಖ್ಯೆಯನ್ನು ಅಲ್ಲೇ ನಿಂತು ಅಂಕೆ ಅಂಕೆ ಓದಿ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಏರಿಸಿದ್ದರ ಪ್ರಿಂಟ್ ಕೊಡಿ ಅಂತ ಕೇಳಿ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ರೈಟ್ಸ್ ಮುಗಿದ ಮೇಲೆ ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶ ಬಂತು. ನನಗೆ ಬೇಕಾಗಿದ್ದು ಇದೇ ತ್ರೈಮಾಸಿಕ. ಜೂನ್, ಡಿಸೆಂಬರ್ ಫಲಿತಾಂಶಗಳಲ್ಲಿ ಸಾಮಾನ್ಯವಾಗಿ ಲಾಭ-ನಷ್ಟ ಮಾತ್ರ ಇರುತ್ತದೆ. ಸೆಪ್ಟೆಂಬರ್ ಮತ್ತು ಮಾರ್ಚ್‌ನದ್ದರ ಜೊತೆ ಆಸ್ತಿ-ಹೊಣೆಯ ಪಟ್ಟಿ ಮತ್ತು ನಗದು ಹರಿವಿನ ಲೆಕ್ಕವೂ ಇರುತ್ತದೆ. ಲಾಭದ ಸಾಲಿನಲ್ಲಿ ಸಣ್ಣ ಲಾಭ ಇತ್ತು. ನಗದು ಹರಿವಿನಲ್ಲಿ ವ್ಯಾಪಾರದಿಂದ ಬಂದ ದುಡ್ಡು ಮೈನಸ್. ಗ್ರಾಹಕರಿಂದ ಬರಬೇಕಾದ ಬಾಕಿ ಆರು ತಿಂಗಳ ಮಾರಾಟಕ್ಕಿಂತ ದೊಡ್ಡದಾಗಿತ್ತು. ಆಡಿಟರ್ ತಮ್ಮ ವರದಿಯಲ್ಲಿ ಆ ಬಾಕಿಯ ಬಗ್ಗೆಯೇ ಒಂದು ಪ್ಯಾರಾ ಬರೆದಿದ್ದರು. ಸಭೆಯಲ್ಲಿ "ಬರುತ್ತೆ" ಅಂದಿದ್ದ ದುಡ್ಡು ಬಂದಿರಲಿಲ್ಲ. ಅವತ್ತು ಸಂಜೆ ಇಬ್ಬರೂ ಕೂತು ಮಾತಾಡಿ, ಎಷ್ಟು ಸಿಕ್ಕರೆ ಅಷ್ಟಕ್ಕೆ ಹೊರಗೆ ಬರುವುದು ಅಂತ ತೀರ್ಮಾನಿಸಿದೆವು. ವಿಚಿತ್ರ ಅಂದರೆ, ತೀರ್ಮಾನ ಆದ ಕೂಡಲೇ ಮನಸ್ಸು ಹಗುರವಾಯಿತು.

ಆದರೆ ಅಷ್ಟರಲ್ಲಿ ಷೇರು ಇಎಸ್‌ಎಂ ಎರಡನೇ ಹಂತಕ್ಕೆ ಹೋಗಿತ್ತು. ಇಲ್ಲಿ ಮಿತಿ ಶೇ 2. ₹1.70ರ ಷೇರಿಗೆ ಶೇ 2 ಅಂದರೆ 3 ಪೈಸೆ. ವಹಿವಾಟು ಎಂದಿನ ಹಾಗೆ ಸದಾ ನಡೆಯುವುದಿಲ್ಲ, ಕಾಲ್ ಆಕ್ಷನ್ ರೀತಿ ನಡೆಯುತ್ತದೆ. ಬೆಳಿಗ್ಗೆ 9.30ರಿಂದ ಒಂದೊಂದು ಗಂಟೆಯ ಸುತ್ತು. ಮೊದಲ 45 ನಿಮಿಷ ಎಲ್ಲರೂ ಆರ್ಡರ್ ಹಾಕುತ್ತಾರೆ. ಆಮೇಲೆ 8 ನಿಮಿಷದಲ್ಲಿ ಒಂದೇ ಬೆಲೆ ನಿಗದಿಯಾಗಿ ಹೊಂದಿಕೆ ಆಗುತ್ತದೆ. ಕೊನೆಯ 7 ನಿಮಿಷ ಬಿಡುವು. ಮುಖ್ಯ ವಿಷಯ ಇದು: ಒಂದು ಸುತ್ತಿನಲ್ಲಿ ಹೋಗದೇ ಉಳಿದ ಆರ್ಡರ್ ರದ್ದಾಗುತ್ತದೆ. ಮುಂದಿನ ಸುತ್ತಿಗೆ ಮತ್ತೆ ಹೊಸದಾಗಿ ಹಾಕಬೇಕು. ಮೊದಮೊದಲು ಆರ್ಡರ್ ಯಾಕೆ ಮಾಯವಾಗುತ್ತಿದೆ ಅಂತ ಬ್ರೋಕರ್‌ಗೆ ಫೋನ್ ಮಾಡಿದರೆ, ಎತ್ತಿದವರಿಗೂ ಗೊತ್ತಿರಲಿಲ್ಲ. ಎಕ್ಸ್‌ಚೇಂಜ್‌ನ ಸುತ್ತೋಲೆ ಹುಡುಕಿ ಓದಿ ತಿಳಿದುಕೊಂಡೆ.

ಕೆಲಸದ ಮಧ್ಯೆ ಪ್ರತಿ ಗಂಟೆಗೆ ಆರ್ಡರ್ ಹಾಕುವುದು ಸುಸ್ತಿನ ಕೆಲಸ. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ. ಕೆಲವು ಸುತ್ತಿನಲ್ಲಿ ಒಂದೂ ಹೋಗುವುದಿಲ್ಲ. ಕೆಲವು ಸಲ ಇನ್ನೂರು ಷೇರು ಹೋಗುತ್ತದೆ. ಇಲ್ಲಿ ಖರ್ಚಿನ ಲೆಕ್ಕ ನೋಡಿ. ಡಿಮ್ಯಾಟ್‌ನಿಂದ ಷೇರು ಹೋದ ಪ್ರತಿ ದಿನಕ್ಕೆ, ಪ್ರತಿ ಕಂಪನಿಗೆ ಒಂದು ಡಿಪಿ ಶುಲ್ಕ ಇದೆ. ನನ್ನ ಬ್ರೋಕರ್ ಬಳಿ ಜಿಎಸ್‌ಟಿ ಸೇರಿ ₹16 ಆಸುಪಾಸು. ಎಷ್ಟು ಷೇರು ಮಾರಿದರೂ ಅಷ್ಟೇ. ₹1.70ರಂತೆ ಇನ್ನೂರು ಷೇರು ಹೋದರೆ ಸಿಗುವುದು ₹340, ಅದರಲ್ಲಿ ₹16 ಶುಲ್ಕಕ್ಕೇ ಹೋಯಿತು. ದೊಡ್ಡ ಷೇರು ಮಾರುವಾಗ ಕಣ್ಣಿಗೇ ಬೀಳದ ಶುಲ್ಕ ಇಲ್ಲಿ ಶೇ 4ಕ್ಕಿಂತ ಜಾಸ್ತಿ ತಿನ್ನುತ್ತದೆ. ಶುಲ್ಕ ದಿನಕ್ಕೆ ಒಂದೇ ಸಲ ಆದ್ದರಿಂದ, ಮಾರುವ ದಿನ ಎಲ್ಲ ಸುತ್ತಿನಲ್ಲೂ ಇರುವಷ್ಟೂ ಷೇರಿಗೆ ಆರ್ಡರ್ ಹಾಕಿ. ದಿನಕ್ಕೆ ಸ್ವಲ್ಪ ಸ್ವಲ್ಪ ಅಂತ ನೀವಾಗಿಯೇ ಭಾಗ ಮಾಡಬೇಡಿ.

ಯಾವುದೋ ಒಂದು ಪ್ರಕಟಣೆ ಬಂದ ವಾರ ಕೊಳ್ಳುವವರು ಸ್ವಲ್ಪ ಬಂದರು. ಆ ವಾರದಲ್ಲೇ ನನ್ನದು ಹೆಚ್ಚಿನ ಪಾಲು ಹೋಯಿತು. ಪ್ರಕಟಣೆ ಓದಿ, "ಮತ್ತೆ ಏರುತ್ತೇನೋ, ನಿಲ್ಲಿಸೋಣವಾ" ಅಂತ ಹೆಂಡತಿ ಕೇಳಿದಳು. ಮೊತ್ತ ಇಲ್ಲದ ಇನ್ನೊಂದು ಎಂಒಯು ಅದು. ಮಾರುವುದನ್ನು ಮುಂದುವರಿಸಿದೆವು. ಉಳಿದ ಚೂರುಪಾರು ಹೋಗಲು ಮತ್ತೆ ಕಾಯಬೇಕಾಯಿತು.

ಈಗ ಉಳಿದಿರುವುದು ತೆರಿಗೆಯ ಕೆಲಸ. ನಷ್ಟ ಆಗಿದೆ, ಇನ್ನೇನು ತೋರಿಸುವುದು ಅಂತ ಬಿಡಬೇಡಿ. ಒಂದು ವರ್ಷದೊಳಗಿನ ಷೇರಿನ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಬಗೆಯ ಲಾಭದಿಂದ ಕಳೆಯಬಹುದು. ಒಂದು ವರ್ಷ ದಾಟಿದ್ದರ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ. ಸಂಬಳದಿಂದ ಎರಡನ್ನೂ ಕಳೆಯಲು ಆಗುವುದಿಲ್ಲ. ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಡಿಮ್ಯಾಟ್‌ನಲ್ಲಿ ಮೊದಲು ಕೊಂಡದ್ದು ಮೊದಲು ಮಾರಿದ ಲೆಕ್ಕ. ರೈಟ್ಸ್ ಷೇರಿನ ಅವಧಿ ಹಂಚಿಕೆಯಾದ ದಿನದಿಂದ ಶುರು. ಆರ್‌ಇ ಮಾರಿ ಬಂದ ದುಡ್ಡಿಗೆ ಕೊಂಡ ಬೆಲೆ ಸೊನ್ನೆ ಅಂತ ಹಿಡಿಯಬೇಕು. ಆರ್‌ಇ ಮಾರಾಟ ನನ್ನ ಬ್ರೋಕರ್ ಕೊಟ್ಟ ತೆರಿಗೆ ವರದಿಯಲ್ಲಿ ಸರಿಯಾಗಿ ಬಂದಿರಲಿಲ್ಲ, ಬ್ರೋಕರ್ ಕಳಿಸುವ ವಹಿವಾಟಿನ ಚೀಟಿ, ಅಂದರೆ ಕಾಂಟ್ರಾಕ್ಟ್ ನೋಟ್ ನೋಡಿ ಕೈಯಾರೆ ಸೇರಿಸಿದ್ದೇನೆ.

ಮೇಷ್ಟ್ರು ಇನ್ನೂ ಆ ಷೇರು ಇಟ್ಟುಕೊಂಡಿದ್ದಾರೆ. ಅವರಿಗೆ ಡಿಡಿಪಿಐ ಮಾಡಿಸಿ, ಇಮೇಲ್ ಬದಲಿಸಿ ಕೊಟ್ಟಿದ್ದೇನೆ. ಮಾರ್ಚ್ ಫಲಿತಾಂಶ ಬಂದಾಗ ನಗದು ಹರಿವಿನ ಪುಟವನ್ನು ಒಟ್ಟಿಗೆ ಕೂತು ಓದೋಣ ಅಂತ ಮಾತಾಗಿದೆ.